ಔಟಾಗದ ಆಟ

ಸೀಮೆಸುಣ್ಣ ಬಹಳ ಸಂಭಾವಿತ ವಸ್ತು. ಯಾರ ಕೈಗೆ ಕೊಟ್ಟರೂ ಬರೆಯುತ್ತದೆ. ಬರೆಸುತ್ತಿರುವ ಮಾತು ಯಾರದೆಂದು ಕೇಳುವುದಿಲ್ಲ. ಕೇಳುವ ಅಭ್ಯಾಸ ಅದಕ್ಕಿದ್ದಿದ್ದರೆ ಹೊಳೆನರಸೀಪುರದ ನನ್ನ ವಿಡಿಯೋ ಗೇಮ್ ಅಂಗಡಿಯ ಮುಂದಿನ ಕಪ್ಪು ಹಲಗೆ ಎಷ್ಟೋ ವರ್ಷ ಖಾಲಿಯಾಗಿಯೇ ನಿಂತಿರುತ್ತಿತ್ತು. ಹೊಸದಾಗಿ ಬಂದ ಆಟ ಹೇಗಿದೆ, ಬರಲಿರುವ ಆಟಕ್ಕೆ ಕಾಯಬಹುದೇ ಬೇಡವೇ ಎಂದು ವಾರವಾರವೂ ಆ ಹಲಗೆಯ ಮೇಲೆ ನಾನು ಬರೆಯುತ್ತಿದ್ದೆ. ಕೈ ನನ್ನದು, ಸೀಮೆಸುಣ್ಣ ನನ್ನದು, ಕೆಳಗೆ ಹಾಕುತ್ತಿದ್ದ ಹೆಸರೂ ನನ್ನದೇ. ಮಾತು ಮಾತ್ರ ನನ್ನ ತಂಗಿ ಸವಿತಾಳದು. ಅವಳ ಹೆಸರನ್ನು ನಾನು ಅಲ್ಲಿ ಒಂದು ಸಲವೂ ಬರೆಯಲಿಲ್ಲ. ಜಾಗವಿರಲಿಲ್ಲ ಎನ್ನುವಂತಿಲ್ಲ. 'ಚಪ್ಪಲಿ ಹೊರಗೆ ಬಿಡಿ', 'ರಿಮೋಟು ಎಳೆದಾಡಬೇಡಿ', 'ಕರೆಂಟು ಹೋದರೆ ನಾವು ಜವಾಬ್ದಾರರಲ್ಲ' ಎಂಬಷ್ಟು ಪುರಾಣಕ್ಕೆ ಅಲ್ಲಿ ಜಾಗವಿತ್ತು. ಮೂರಕ್ಷರದ ಒಂದು ಹೆಸರಿಗೆ ಇರಲಿಲ್ಲ.

ನಾನು ಓದಿದವನಲ್ಲ. ಎಂಟನೆಯ ತರಗತಿ ಪಾಸಾಗಿದ್ದೇನೆ. ಒಂಬತ್ತಕ್ಕೂ ಹೋಗಿದ್ದೆ, ಆದರೆ ಅದಕ್ಕೆ ಮೇಷ್ಟರುಗಳ ಕೈನೋವಿನ ಹೊರತು ಬೇರೆ ಸಾಕ್ಷಿಯಿಲ್ಲ. ಇಷ್ಟು ಬರೆಯುವ ಕನ್ನಡ ನನಗೆ ಬಂದದ್ದು ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕುಳಿತು, ದುರಸ್ತಿಯಾದ ರೇಡಿಯೋಗಳು ಆಡಿದ್ದನ್ನೆಲ್ಲ ಕೇಳಿದ್ದರಿಂದ, ಮತ್ತು ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನು ಕಡಲೆಕಾಯಿ ಮುಗಿದ ಮೇಲೂ ಬಿಡದೆ ಓದುತ್ತಿದ್ದುದರಿಂದ. ಆದ್ದರಿಂದ ಈ ಬರೆಹದಲ್ಲಿ ಎಲ್ಲಾದರೂ ವಾರ್ತೆಯ ಗತ್ತು ಕಂಡರೆ ಅದು ರೇಡಿಯೋದ್ದು. ನಡುವೆ ಕಡಿದುಹೋದಂತೆ ಕಂಡರೆ ಅದು ಕಡಲೆಕಾಯಿಯವನದು.

ಅಪ್ಪನ ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯೇ. ತೊಂಬತ್ತರ ದಶಕ ನಡೆಯುತ್ತಿದ್ದಂತೆ ಜನ ರೇಡಿಯೋ ತರುವುದನ್ನು ಬಿಟ್ಟು ಟಿವಿ ತರತೊಡಗಿದರು. ಹಾಗೆ ಯಾರೋ ತಂದುಕೊಟ್ಟು, ರಿಪೇರಿಯಾದ ಮೇಲೆ ಒಯ್ಯಲು ಮರೆತೇಹೋದ ಒಂದು ಟಿವಿ ನಮ್ಮ ಕೋಣೆಯಲ್ಲಿ ಅನಾಥವಾಗಿ ಉಳಿದಿತ್ತು. ಅದೇ ಹೊತ್ತಿಗೆ ಹಾಸನದ ಅನ್ವರ್ ಭಾಯ್ ಎಂಬ ವ್ಯಾಪಾರಿ ವಿಡಿಯೋ ಗೇಮಿನ ಯಂತ್ರಗಳನ್ನು ಬೆಂಗಳೂರಿನಿಂದ ತಂದು ಸುತ್ತಲಿನ ಊರುಗಳ ಅಂಗಡಿಗಳಿಗೆ ಹಂಚುತ್ತಿದ್ದರು. ಅನಾಥ ಟಿವಿಗೂ ಅನ್ವರ್ ಭಾಯ್ ಕೊಟ್ಟ ಯಂತ್ರಕ್ಕೂ ನಾನು ಗಂಟು ಹಾಕಿದೆ. ಮಾರನೆಯ ದಿನದಿಂದಲೇ ಶಾಲೆ ಬಿಟ್ಟ ಹುಡುಗರು ನಮ್ಮ ಮನೆಯ ಮುಂದೆ ಸಾಲು ನಿಂತರು. ನನ್ನನ್ನು ಯಾವ ಶಾಲೆ ಹೊರಗೆ ಕಳಿಸಿತ್ತೋ ಆ ಶಾಲೆಯೇ ನನ್ನ ಹತ್ತಿರ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆ ಕಾಲದ ಆಟಗಳು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬರುತ್ತಿದ್ದವು; ನಾವು ಅವನ್ನು ಕ್ಯಾಸೆಟ್ ಎನ್ನುತ್ತಿದ್ದೆವು, ಆಡುವವನು ಕೈಯಲ್ಲಿ ಹಿಡಿಯುವ ವೈರು ಕಟ್ಟಿದ ಗುಂಡಿಗಳ ಡಬ್ಬಿಯನ್ನು ರಿಮೋಟು ಎನ್ನುತ್ತಿದ್ದೆವು. ಯಂತ್ರದ ಬಾಯಿಗೆ ಕ್ಯಾಸೆಟ್ ಸಿಕ್ಕಿಸುವ ಮೊದಲು ಅದರ ಬುಡಕ್ಕೆ ಜೋರಾಗಿ ಊದಬೇಕೆಂಬುದು ಲೋಕದ ನಿಯಮವಾಗಿತ್ತು. ಅದನ್ನು ನಮಗೆ ಯಾರು ಕಲಿಸಿದರೋ ಗೊತ್ತಿಲ್ಲ. ಒಬ್ಬ ಊದಿ ಆಟ ಬರದಿದ್ದರೆ ಇನ್ನೊಬ್ಬ ಊದುತ್ತಿದ್ದ. ಕೊನೆಗೆ ಅಂಗಡಿಯ ಮಾಲೀಕನಾದ ನಾನು ಊದಬೇಕು. "ಅಣ್ಣ ಊದುದ್ರೆ ಓಡ್ತದೆ ಕಣ್ಲಾ" ಎಂದು ಹುಡುಗರು ದಾರಿ ಬಿಡುತ್ತಿದ್ದರು. ನಾನು ಮಂತ್ರವಾದಿಯ ಗಾಂಭೀರ್ಯದಿಂದ ಊದುತ್ತಿದ್ದೆ. ಸವಿತಾ ಮಾತ್ರ ಒಣಬಟ್ಟೆಯ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ ಒರೆಸುತ್ತಿದ್ದಳು. ಊದಿದರೆ ಎಂಜಲು ತಾಗಿ ತಾಮ್ರ ಕಿಲುಬು ಹಿಡಿಯುತ್ತದೆ ಎನ್ನುತ್ತಿದ್ದಳು. ಅವಳ ಮಾತು ಸರಿಯಾಗಿತ್ತು. ಆದರೆ ಬೆಂಕಿಕಡ್ಡಿಯಲ್ಲಿ ಮಂತ್ರವಾದಿಯ ಗಾಂಭೀರ್ಯ ಬರುವುದಿಲ್ಲವಲ್ಲ. ನಾನು ಊದುತ್ತಲೇ ಇದ್ದೆ.

ಹೊಸ ಕ್ಯಾಸೆಟ್ ಬಂದರೆ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಹಾಸನದಿಂದ ಅನ್ವರ್ ಭಾಯ್ ಅದನ್ನು ಪೇಪರಿನಲ್ಲಿ ಸುತ್ತಿ ಮೊದಲ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದರು. ಡ್ರೈವರು ಅದನ್ನು ಪಕ್ಕದ ಇಂಜಿನ್ನಿನ ಮೇಲೆ ಇಟ್ಟುಕೊಂಡು ಬರುತ್ತಿದ್ದುದರಿಂದ ಕ್ಯಾಸೆಟ್ ನಮ್ಮ ಕೈಸೇರುವಾಗ ಬೋಂಡದ ಹಾಗೆ ಬಿಸಿಯಾಗಿರುತ್ತಿತ್ತು. ಸವಿತಾ ಆಗ ಹೈಸ್ಕೂಲಿನಲ್ಲಿದ್ದಳು. ಬೆಳಿಗ್ಗೆ ಅವಳು ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವಳು. ಅವಳ ಹಿಂದೆ ಮಣೆಯ ಮೇಲೆ ಅವ್ವ ಎಣ್ಣೆ ಬಟ್ಟಲು ಇಟ್ಟುಕೊಂಡು ಕೂರುವಳು. ಮುಂದೆ ತಂಗಿ ಆಡುತ್ತಿದ್ದರೆ ಹಿಂದೆ ಅವ್ವ ಜಡೆ ಹೆಣೆಯುತ್ತಿದ್ದಳು. ತಂಗಿ ಎಡಕ್ಕೆ ತಿರುಗಿದರೆ ಅವ್ವ ಬಲಕ್ಕೆ ಎಳೆಯುವಳು.

"ಲೇ ಸವಿ, ತಲೆ ಅಳ್ಳಾಡಿಸ್ಬ್ಯಾಡ ಕಣೇ. ಆ ಟ್ಯಾಂಕು ಸತ್ರೆ ಸಾಯ್ಲಿ, ಬೈತಲೆ ಸೊಟ್ಟ ಆಯ್ತದೆ."

"ಇನ್ನೊಂದೇ ಅವ್ವ, ಇದೊಂದ್ ಸತ್ರೆ ಮುಗೀತದೆ."

"ದಿನಾ ಅಂಗೇ ಅಂತೀಯ. ನಮ್ಮುಡ್ಗಿ ಗುಂಡು ಹೊಡೆಯಾದ್ರಲ್ಲಿ ಊರಿಗೇ ಮೊದ್ಲು ಅಂತ ನಾಳಿಕೆ ಗಂಡಿನ್ಕಡೆಯೋರ್ಗೆ ಹೇಳಕಾಯ್ತದಾ?"

ಎರಡನೆಯ ಜಡೆಗೆ ರಿಬ್ಬನ್ನು ಬಿಗಿಯುವಷ್ಟರಲ್ಲಿ ಸವಿತಾಳ ತೀರ್ಪು ಸಿದ್ಧವಾಗಿರುತ್ತಿತ್ತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಾ ಎರಡು ಮಾತು ಹೇಳುವಳು. ನಾನು ಆ ಎರಡು ಮಾತನ್ನು ಮರೆಯುವ ಮೊದಲೇ ಹಲಗೆಗೆ ಇಳಿಸುವೆನು.

ಆ ತೀರ್ಪುಗಳನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ. ಒಳಗೆ ನೂರಾರು ಆಟಗಳಿವೆ ಎಂದು ಹೊರಗೆ ಬರೆದ ಒಂದು ಕ್ಯಾಸೆಟ್ ಬಂದಿತ್ತು. ಪಟ್ಟಿ ನೋಡಿಯೇ ನನಗೆ ತಲೆ ತಿರುಗಿ, ಇನ್ನು ಜನ್ಮದಲ್ಲಿ ಬೇರೆ ಕ್ಯಾಸೆಟ್ ಬೇಡವೆಂದುಕೊಂಡಿದ್ದೆ. ಸವಿತಾ ಹತ್ತಾರನ್ನು ತೆಗೆದು ನೋಡಿ, "ಇರಾದು ನಾಕೇ ಆಟ ಅಣ್ಣ. ಮಿಕ್ಕಿದ್ದೆಲ್ಲಾ ಅದೇ ಗಂಡು, ಬ್ಯಾರೆ ಅಂಗಿ" ಎಂದಳು. ನಿಜ, ಒಂದರಲ್ಲಿ ಕೆಂಪು ಅಂಗಿ ತೊಟ್ಟು ಓಡುತ್ತಿದ್ದವನೇ ಇನ್ನೊಂದರಲ್ಲಿ ಹಸಿರು ಅಂಗಿ ತೊಟ್ಟು ಓಡುತ್ತಿದ್ದ. ಹೊಡೆದಾಟದ ಒಂದು ಆಟದ ಬಗ್ಗೆ, ಸುಮ್ಮನೆ ಗುಂಡಿ ಕುಟ್ಟಿದರೂ ಗೆಲ್ಲಬಹುದಾದ್ದರಿಂದ ಇದು ಮೊದಲ ವಾರ ಹಬ್ಬ, ಎರಡನೆಯ ವಾರ ತಿಥಿ ಎಂದಿದ್ದಳು, ಹಾಗೆಯೇ ಆಯಿತು. ಇಬ್ಬರು ಕೂಡಿ ಆಡುವ ಟ್ಯಾಂಕಿನ ಆಟಕ್ಕೆ ಅವಳು ಕೊಟ್ಟ ಮೆಚ್ಚುಗೆ ಇನ್ನೂ ಸೊಗಸಾದದ್ದು: ಆಡುವಾಗ ಜಗಳ ಬರಬೇಕು, ಎದ್ದ ಮೇಲೆ ಉಳಿಯಬಾರದು, ಇದರಲ್ಲಿ ಹಾಗಿದೆ. ಬರಲಿರುವ ಆಟಗಳ ಬಣ್ಣದ ಚೀಟಿಗಳನ್ನೂ ಅನ್ವರ್ ಭಾಯ್ ಕಳಿಸುತ್ತಿದ್ದರು. ಚೀಟಿಯ ಮೇಲೆ ಬಾಯಿ ತೆರೆದ ಹುಲಿಯಿರುತ್ತಿತ್ತು. ಆಟ ಬಂದಾಗ ನೋಡಿದರೆ ತೆರೆಯ ಮೂಲೆಯಲ್ಲಿ ಬೆಕ್ಕೋ ಇಲಿಯೋ ತಿಳಿಯದ ಒಂದು ಚುಕ್ಕೆ. ಚೀಟಿಯಲ್ಲಿ ಹುಲಿ ದೊಡ್ಡದಾದಷ್ಟೂ ಒಳಗೆ ಚುಕ್ಕೆ ಚಿಕ್ಕದು ಎಂಬುದು ಸವಿತಾಳ ಲೆಕ್ಕ. ಆ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ.

ಒಂದು ಸಲ ಅವಳನ್ನೇ ಕೇಳಿದೆ, ಜಡೆ ಮುಗಿಯುವಷ್ಟರಲ್ಲಿ ಇದೆಲ್ಲ ಹೇಗೆ ತಿಳಿಯುತ್ತದೆ ಎಂದು. ಅವಳು ರಿಬ್ಬನ್ನಿನ ತುದಿ ಕಚ್ಚಿಕೊಂಡೇ ಹೇಳಿದಳು. "ಬೇಕಂತ ಸೋತು ನೋಡ್ತೀನಣ್ಣ. ಸೋತೋನು 'ನಂದೇ ತಪ್ಪು' ಅನ್ನಂಗಿರ್ಬೇಕು. ಆವಾಗ ಇನ್ನೊಂದ್ಸಲ ಆಡ್ತಾನೆ. ಆಟದ್ದೇ ತಪ್ಪು ಅಂತ ಅನ್ನುಸ್ತು ಅಂದ್ರೆ ರಿಮೋಟು ಬಿಸಾಕ್ಬುಟ್ಟು ಎದ್ದೋಯ್ತಾನೆ."

ನಾನು ಗೆದ್ದು ನೋಡುತ್ತಿದ್ದೆ. ಲೋಕವೆಲ್ಲ ಗೆದ್ದೇ ನೋಡುತ್ತದೆ. ಸೋತು ನೋಡಬೇಕೆಂಬ ಬುದ್ಧಿ ಎಣ್ಣೆಹಚ್ಚಿದ ಆ ಪುಟ್ಟ ತಲೆಗೆ ಎಲ್ಲಿಂದ ಬಂತೋ. ಆ ಮಾತನ್ನೂ ನಾನು ಹಲಗೆಯ ಮೇಲೆ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ: ನರಸಿಂಹ, ಮಾಲೀಕರು.

ಹಲಗೆಯ ಕೀರ್ತಿ ನಾನು ನೆನೆಸದಷ್ಟು ದೂರ ಹೋಯಿತು. ಅರಕಲಗೂಡಿನ ಅಂಗಡಿಯವನು ಸಂತೆಗೆ ಬಂದಾಗ ಓದಿಕೊಂಡು ಹೋಗುತ್ತಿದ್ದ. ಕಟ್ಟಾಯದಿಂದ, ನುಗ್ಗೇಹಳ್ಳಿಯಿಂದ ನೆಂಟರ ಮನೆಗೆ ಬಂದ ಹುಡುಗರು ಓದಿಕೊಂಡು ಹೋಗಿ ಚನ್ನರಾಯಪಟ್ಟಣದ ಅಂಗಡಿಯಲ್ಲಿ ಹೇಳುತ್ತಿದ್ದರು. ಕಡೆಕಡೆಗೆ ಅನ್ವರ್ ಭಾಯ್ ಹೊಸ ಕ್ಯಾಸೆಟ್ಟಿನ ಒಂದೇ ಒಂದು ಪ್ರತಿ ತರಿಸಿ ಮೊದಲು ನನಗೆ ಕಳಿಸುವುದು, ನಾನು 'ಓಡುತ್ತದೆ' ಎಂದರೆ ಮಾತ್ರ ಎಲ್ಲ ಊರಿಗೂ ತರಿಸುವುದು ಎಂದಾಯಿತು. ಅವರು ಬಂದಾಗಲೆಲ್ಲ ಬೆನ್ನು ತಟ್ಟುತ್ತಿದ್ದರು. "ಅರೆ ನರಸಿಂಹ, ಏನ್ ತಲೆ ಕಣಯ್ಯಾ ನಿಂದು. ಆಟ ಮಾಡ್ದೋರಿಗೇ ಗೊತ್ತಿಲ್ದೆ ಇರಾದು ನಿಂಗೆ ಗೊತ್ತಾಯ್ತದಲ್ಲ."

ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಅದನ್ನು ಅವರು ವಿನಯವೆಂದು ತಿಳಿದರು. ಒಳಕೋಣೆಗೂ ಅಂಗಡಿಗೂ ನಡುವೆ ಒಂದು ಹೂವಿನ ಪರದೆಯಿತ್ತು. ಗಿರಾಕಿಗಳಿದ್ದಾಗ ಹೆಣ್ಣುಮಗಳು ಅದನ್ನು ದಾಟಿ ಬರಬಾರದೆಂದು ಅವ್ವನ ಕಟ್ಟಳೆ. ಅವಳ ಹೆಸರನ್ನು ಮರೆಮಾಚಿದ್ದಕ್ಕೆ ನಾನು ಬಹಳ ಕಾಲ ಆ ಪರದೆಯನ್ನೇ ಕಾರಣವಾಗಿ ಹೇಳಿಕೊಂಡೆ. ಆದರೆ ಅವ್ವ ತಡೆದದ್ದು ತಂಗಿಯನ್ನು, ತಂಗಿಯ ಹೆಸರನ್ನಲ್ಲ. ಹೆಸರಿಗೆ ಕಾಲಿಲ್ಲ, ಅದು ಪರದೆಯ ಮೇಲಿಂದಲೂ ಬರಬಹುದಿತ್ತು. ತಡೆದವನು ನಾನು. ಓದಿನಲ್ಲಿ ಯಾರೂ ತಟ್ಟದ ಬೆನ್ನು ನನ್ನದು. ಒಬ್ಬರು ತಟ್ಟುತ್ತಿರುವಾಗ ಬೆನ್ನು ಬೇರೆಯವರದೆಂದು ಹೇಳಲು ಮನಸ್ಸು ಬರಲಿಲ್ಲ.

ಸವಿತಾ ಇದಕ್ಕೆ ಏನೆನ್ನುತ್ತಿದ್ದಳು ಎಂದು ನೀವು ಕೇಳಬಹುದು. ಶಾಲೆಯಿಂದ ಬರುವಾಗ ಹಲಗೆಯ ಮುಂದೆ ನಿಂತು ಒಮ್ಮೆ ಓದಿ, ಕಾಗುಣಿತ ತಪ್ಪಿದ್ದರೆ ಬೆರಳಿನಿಂದ ಒರೆಸಿ ತಿದ್ದಿ ಒಳಗೆ ಹೋಗುತ್ತಿದ್ದಳು. ಒಂದೇ ಒಂದು ದಿನ, ನಗುತ್ತಲೇ, "ಅಣ್ಣ, 'ನರಸಿಂಹ' ಮಾತ್ರ ಒಂದಿನಾನೂ ತಪ್ಪು ಬರಿಯಾಕಿಲ್ಲ ನೀನು" ಎಂದಿದ್ದಳು.

ಮುಂದೆ ಅವಳು ಕಾಲೇಜಿಗೆ ಹಾಸನಕ್ಕೆ ಹೋಗಿ ಹಾಸ್ಟೆಲ್ ಸೇರಿದಳು. ಭಾನುವಾರ ಊರಿಗೆ ಬರುವಳು. ಕ್ಯಾಸೆಟ್ಟುಗಳು ಭಾನುವಾರದವರೆಗೆ ಕಾಯುತ್ತಿದ್ದವು, ಅನ್ವರ್ ಭಾಯ್ ಕಾಯುತ್ತಿದ್ದರು, ಹುಡುಗರೂ ಕಾಯುತ್ತಿದ್ದರು. ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಊರಿಗೆ ಊರೇ ಕ್ರಿಕೆಟ್ ಜ್ವರದಲ್ಲಿ ಮಲಗಿದ್ದ ಹೊತ್ತಿನಲ್ಲಿ, ಒಂದು ಕ್ರಿಕೆಟ್ ಆಟದ ಕ್ಯಾಸೆಟ್ ಬಿಸಿಬಿಸಿಯಾಗಿ ಬಂದಿಳಿಯಿತು. ವಾರದ ನಡುವೆ ಬಂದಿತ್ತು. ಭಾನುವಾರ ದೂರವಿತ್ತು. ಹಾಸ್ಟೆಲ್ಲಿಗೆ ಒಂದು ಫೋನ್ ಮಾಡಬಹುದಿತ್ತು. ನಾನು ಮಾಡಲಿಲ್ಲ. ಬರೆದೂ ಬರೆದೂ ಆ ಮಾತುಗಳೆಲ್ಲ ನನ್ನವೇ ಎಂದು ನಾನೇ ನಂಬಿಬಿಟ್ಟಿದ್ದೆ.

ನಾನೇ ಊದಿ, ನಾನೇ ಸಿಕ್ಕಿಸಿ, ನಾನೇ ಆಡಿದೆ. ಮೊದಲ ಚೆಂಡಿಗೇ ಸಿಕ್ಸರು. ಎರಡನೆಯದಕ್ಕೂ ಸಿಕ್ಸರು. ಇಷ್ಟು ಒಳ್ಳೆಯ ಆಟ ಭೂಮಿಯ ಮೇಲೆ ಬಂದೇ ಇಲ್ಲವೆನಿಸಿತು. ಬೇಕೆಂತಲೇ ಸೋತು ನೋಡಬೇಕೆಂಬುದು ನೆನಪಾಗಲಿಲ್ಲ. ಗೆಲ್ಲುತ್ತಿರುವವನಿಗೆ ಅದು ನೆನಪಾಗುವುದೂ ಇಲ್ಲ. ಅನ್ವರ್ ಭಾಯ್‌ಗೆ ಫೋನ್ ಮಾಡಿ, "ಕಣ್ಮುಚ್ಕಂಡು ತರಿಸಿ ಭಾಯ್, ಇಂಥದ್ದು ಬಂದೇ ಇಲ್ಲ" ಎಂದೆ. ಅವರು ಕಣ್ಣು ಮುಚ್ಚಿಕೊಂಡು ತರಿಸಿದರು.

ಆ ಆಟದಲ್ಲಿ ಒಂದು ದೋಷವಿತ್ತು. ದಾಂಡಿಗ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತು ಒಂದೇ ಗುಂಡಿ ಒತ್ತುತ್ತಿದ್ದರೆ ಪ್ರತಿ ಚೆಂಡೂ ಸಿಕ್ಸರು. ಅವನು ಔಟಾಗುವುದೇ ಇಲ್ಲ. ಹುಡುಗರು ಇದನ್ನು ಕಂಡುಹಿಡಿಯಲು ಒಂದು ಸಂಜೆ ಸಾಕಾಯಿತು. ಮೊದಮೊದಲು ಎಲ್ಲರೂ ಕುಣಿದರು. ಆಮೇಲೆ ಆಡುವವನಿಗೆ ಬೇಸರ, ನೋಡುವವರಿಗೆ ನಿದ್ದೆ. ಔಟಾದವನು ರಿಮೋಟು ಮುಂದಿನವನಿಗೆ ಕೊಡಬೇಕೆಂಬುದು ನಮ್ಮ ಕಡೆಯ ಎಲ್ಲ ಅಂಗಡಿಗಳ ಕಾನೂನು. ಔಟೇ ಆಗದವನ ಕೈಯಿಂದ ರಿಮೋಟು ಕಸಿಯುವುದು ಹೇಗೆ? ಚನ್ನರಾಯಪಟ್ಟಣದಲ್ಲಿ ಒಬ್ಬ ಹುಡುಗ ಮಧ್ಯಾಹ್ನ ಹಿಡಿದ ಬ್ಯಾಟನ್ನು ಕರೆಂಟು ಹೋಗುವವರೆಗೂ ಬಿಡಲಿಲ್ಲವಂತೆ. ಅವನನ್ನು ಕೊನೆಗೆ ಔಟ್ ಮಾಡಿದ್ದು ವಿದ್ಯುತ್ ಇಲಾಖೆ. ಅರಕಲಗೂಡಿನಲ್ಲಿ ಸಾಲಿನಲ್ಲಿದ್ದ ಹುಡುಗರು ಬೇಸತ್ತು ಬೀದಿಗೆ ಹೋಗಿ ನಿಜವಾದ ಕ್ರಿಕೆಟ್ ಆಡತೊಡಗಿದರಂತೆ. ವಿಡಿಯೋ ಗೇಮಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಅನ್ವರ್ ಭಾಯ್ ವಾಪಸಾದ ಕ್ಯಾಸೆಟ್ಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೆ ಬಂದರು. ಭಾನುವಾರವಾಗಿತ್ತು. ಸವಿತಾ ಹಾಸ್ಟೆಲ್ಲಿನಿಂದ ಬಂದಿದ್ದಳು. ಪರದೆಯ ಹಿಂದೆ ಟೀ ಲೋಟಗಳ ಸದ್ದು ಕೇಳುತ್ತಿತ್ತು.

"ಯಾಕಪ್ಪ ನರಸಿಂಹ, ಇದೆಂಗಾಯ್ತು? ನಿನ್ ಮಾತ್ ಮೇಲೆ ತರ್ಸಿದ್ದು ನಾನು."

ಅವರು ಕೋಪದಿಂದ ಕೇಳಿರಲಿಲ್ಲ. ಕೋಪದಿಂದ ಕೇಳಿದ್ದರೆ ನಾನೂ ಜಗಳವಾಡಿ ಪಾರಾಗುತ್ತಿದ್ದೆನೇನೋ. ಬೇಸರದಿಂದ, ನಂಬಿದವನು ಕೇಳುವಂತೆ ಕೇಳಿದರು. ನನ್ನ ಬಾಯಿಂದ ಬಂದ ಮಾತು ಇದು:

"ಈ ಸಲ ನಾನ್ ನೋಡ್ಲಿಲ್ಲ ಭಾಯ್. ನಮ್ ತಂಗಿ ಸವಿತಾ ನೋಡಿ ಚೆನ್ನಾಗೈತೆ ಅಂದ್ಳು. ನಾನೂ ನಂಬ್ಬುಟ್ಟೆ."

ಅಷ್ಟು ವರ್ಷ ಸರಿಯಾಗಿದ್ದ ಒಂದು ಮಾತಿಗೂ ಅವಳ ಹೆಸರು ಹೇಳದವನು, ತಪ್ಪಾದ ಒಂದೇ ಒಂದು ಮಾತಿಗೆ ಅವಳ ಹೆಸರು ಹೇಳಿದೆ. ಹಲಗೆಯ ಮೇಲೆ ಬರೆಯದೆ ಬಿಟ್ಟಿದ್ದೇ ದೊಡ್ಡ ತಪ್ಪೆಂಬಂತೆ ಆರಂಭದಲ್ಲಿ ಹೇಳಿದೆನಲ್ಲ, ಅದು ನಿಮ್ಮನ್ನು ಇಲ್ಲಿಯವರೆಗೆ ಕರೆತರಲು ಬೇಕಾದ ಧೈರ್ಯಕ್ಕಾಗಿ ಹೇಳಿದ್ದು. ತಪ್ಪು ಇದು.

ಅನ್ವರ್ ಭಾಯ್ ಮುಖದ ಬಿಗುವು ಸಡಿಲವಾಯಿತು. ಅವರು ನಕ್ಕರು. "ಅಂಗ್ ಹೇಳು ಮತ್ತೆ. ನಿನ್ ಲೆಕ್ಕ ಎಂಗ್ ತಪ್ತು ಅಂತ ನಂಗೂ ಯೋಚ್ನೆ ಆಗಿತ್ತು. ಚಿಕ್ ಹುಡ್ಗೀರ್ ಮಾತೆಲ್ಲಾ ಕೇಳ್ತಾರೇನಯ್ಯಾ? ಓಗ್ಲಿ ಬಿಡು."

ಪರದೆ ಸರಿಯಿತು. ಸವಿತಾ ತಟ್ಟೆಯಲ್ಲಿ ಲೋಟಗಳನ್ನು ತಂದು, "ತಗಳಿ ಭಾಯ್" ಎಂದಳು. ನನಗೂ ಕೊಟ್ಟಳು. ಅವರು ಹೋದ ಮೇಲೆ ಚೀಲದಿಂದ ಒಂದು ಕ್ಯಾಸೆಟ್ ತೆಗೆದು, ಬಟ್ಟೆಯಿಂದ ಒರೆಸಿ, ಯಂತ್ರಕ್ಕೆ ಹಾಕಿ ಆಡಲು ಕುಳಿತಳು. ಎಂದಿನಂತೆ ಬೇಕೆಂತಲೇ ಸೋಲಲು ನೋಡಿದಳು. ಬೇಗನೆ ಆ ಜಾಗ ಅವಳಿಗೆ ಸಿಕ್ಕಿತು. ಸಿಕ್ಸರು, ಇನ್ನೊಂದು ಸಿಕ್ಸರು. ತೆರೆಯ ಮೇಲಿನ ಜನ ಪ್ರತಿ ಸಲವೂ ಒಂದೇ ರೀತಿ ಕೈ ಎತ್ತಿ ಕುಣಿಯುತ್ತಿದ್ದರು. ನಾನು ಲೋಟ ಹಿಡಿದು ನಿಂತೇ ಇದ್ದೆ. ಕಡೆಗೂ ದಾಂಡಿಗ ಔಟಾಗಲಿಲ್ಲ. ಅವಳೇ ಸ್ವಿಚ್ ಆರಿಸಿ ಎದ್ದು ಒಳಗೆ ಹೋದಳು.

ಅಲ್ಲಿಂದ ಮುಂದೆ ಹೊಸ ಕ್ಯಾಸೆಟ್ ಬಂದಾಗ ಅವಳ ಮುಂದೆ ಹಿಡಿದರೆ, "ನಂಗೇನ್ ಗೊತ್ತಾಯ್ತದಣ್ಣ, ನೀನೇ ನೋಡು" ಎನ್ನುತ್ತಿದ್ದಳು. ಮುನಿಸಿನಿಂದಲ್ಲ, ಸಾಧಾರಣವಾಗಿಯೇ. ನಾನೇ ನೋಡಿದೆ. ನಾನು ಓಡುತ್ತದೆ ಎಂದದ್ದು ಕುಂಟಿತು, ಕುಂಟುತ್ತದೆ ಎಂದದ್ದು ಬೇರೆ ಊರಿನಲ್ಲಿ ಕುದುರೆಯಂತೆ ಓಡಿತು. ಹಲಗೆಯ ಮೇಲೆ ಕೊನೆಗೆ 'ಚಪ್ಪಲಿ ಹೊರಗೆ ಬಿಡಿ' ಎಂಬುದೊಂದೇ ನಂಬಲರ್ಹವಾದ ವಾಕ್ಯವಾಗಿ ಉಳಿಯಿತು. ಕಾಲವೂ ಬದಲಾಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಟಿವಿ ಹೋಗಿ ಕಂಪ್ಯೂಟರ್ ಬಂತು, ನನ್ನ ಅಂಗಡಿ ಮೊಬೈಲ್ ರಿಪೇರಿಯ ಅಂಗಡಿಯಾಯಿತು. ಅಪ್ಪ ಕೂತಲ್ಲಿಯೇ ಅಪ್ಪನ ಸ್ಕ್ರೂಡ್ರೈವರು ಹಿಡಿದು ಕೂತಿದ್ದೇನೆ.

ಸವಿತಾ ಬಿ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು. ಮದುವೆಯೂ ಅಲ್ಲಿಯೇ ಆಯಿತು. ಅವ್ವ ಹೆದರಿದಂತೇನೂ ಆಗಲಿಲ್ಲ. ಅವಳ ಗಂಡ ಹೆಣ್ಣು ನೋಡಲು ಬಂದಾಗ ಟ್ಯಾಂಕಿನ ಆಟದ ವಿಷಯ ತಾನೇ ಎತ್ತಿ, ಅವಳ ಕೈಲಿ ಸೋತು, 'ನಂದೇ ತಪ್ಪು' ಎಂದು ಇನ್ನೊಂದು ಸಲ ಆಡಲು ಕೂತ ಮನುಷ್ಯ. ಒಳ್ಳೆಯ ಗಂಡನ್ನು ಗುರುತಿಸಲೂ ಅವಳ ಅದೇ ಲೆಕ್ಕ ಸಾಕಾಯಿತೆಂದು ನಾನು ತಿಳಿದಿದ್ದೇನೆ.

ನನ್ನ ಮುಂದೆ ಅವಳು ಆಟಗಳ ಬಗ್ಗೆ ಬಾಯಿ ಬಿಡದಿದ್ದರೂ ಅವಳ ಅಭಿಪ್ರಾಯಗಳು ಅರಕಲಗೂಡಿನಿಂದ ಬಸ್ಸು ಹತ್ತಿ ನನ್ನ ಕಿವಿಗೆ ಬರುತ್ತಿದ್ದವು. ರಿಪೇರಿಗೆ ಬರುವ ಹುಡುಗರು ಹೇಳುತ್ತಿದ್ದರು: ಈಚೆಗೆ ಬಂದ ಕಾರಿನ ರೇಸಿನಲ್ಲಿ ಬೇಲಿಯ ಗಿಡದ ಎಲೆ ಎಲೆಯೂ ಕಾಣುತ್ತದೆ, ಆದರೆ ಕಾರು ಗುದ್ದಿದರೆ ಒಂದು ಎಲೆಯೂ ಉದುರುವುದಿಲ್ಲ, ಹಾಗಾದರೆ ಅದು ಗಿಡವಲ್ಲ ಗೋಡೆ ಎಂದರಂತೆ ಮೇಡಂ. ಊರು ಕಟ್ಟುವ ಒಂದು ಆಟವನ್ನು, ಮೊದಲು ಚರಂಡಿ ತೋಡದೆ ಮಹಡಿ ಕಟ್ಟಿದವನು ಇದರಲ್ಲಿ ಸೋಲುತ್ತಾನೆ, ಆದ್ದರಿಂದ ಪುರಸಭೆಯವರೆಲ್ಲ ಒಮ್ಮೆ ಆಡಬೇಕು ಎಂದು ಹೊಗಳಿದರಂತೆ. ಮುಂದಿನ ವರ್ಷ ಬರಲಿದೆಯೆಂದು ಪೇಪರಿನಲ್ಲಿ ದೊಡ್ಡ ಚಿತ್ರ ಹಾಕಿದ್ದ ಯುದ್ಧದ ಆಟದ ಬಗ್ಗೆ ಮಾತ್ರ, ಹುಲಿ ಬಹಳ ದೊಡ್ಡದಿದೆ, ಕಾದು ನೋಡಿ ಎಂದರಂತೆ. ಆ ಹುಡುಗನಿಗೆ ಹುಲಿಯ ವಿಷಯ ಅರ್ಥವಾಗಿರಲಿಲ್ಲ. ನನಗೆ ಆಯಿತು. ಮೊಬೈಲಿನ ಹಾವಿನ ಆಟವೇ ಎಲ್ಲಕ್ಕಿಂತ ನ್ಯಾಯವಾದದ್ದೆಂದು ಅವಳ ಮತವಂತೆ: ಹಾವು ತಿಂದಷ್ಟೂ ಬೆಳೆಯುತ್ತದೆ, ಕೊನೆಗೆ ತನ್ನ ಬಾಲವೇ ತನಗೆ ಅಡ್ಡ ಬರುತ್ತದೆ, ಬೇರೆ ಯಾರನ್ನೂ ದೂರುವಂತಿಲ್ಲ. ಅದನ್ನು ಕೇಳಿದ ದಿನ ನಾನು ರಿಪೇರಿಯಾಗಬೇಕಿದ್ದ ಫೋನಿನಲ್ಲಿ ಆ ಆಟ ತೆಗೆದು ಬಹಳ ಹೊತ್ತು ಆಡಿದೆ. ತಿಂದ ಹೊಗಳಿಕೆಗೂ ಬಾಲ ಬೆಳೆಯುತ್ತದೆಯೆಂದು ಹೊಳೆದಾಗ ಫೋನ್ ಕೆಳಗಿಟ್ಟೆ.

ಹೇಳಬೇಕೆಂದು ಎಷ್ಟೋ ಸಲ ಅರಕಲಗೂಡಿನ ಬಸ್ಸು ಹತ್ತಿದ್ದೇನೆ. ಹೋಗಿ ಊಟ ಮಾಡಿ, ಅವಳ ಮನೆಯ ಮಿಕ್ಸಿಯನ್ನೋ ಫ್ಯಾನನ್ನೋ ರಿಪೇರಿ ಮಾಡಿ ಬಂದಿದ್ದೇನೆ. ನನ್ನ ಅಪರಾಧಭಾವದಿಂದ ಅವಳ ಮನೆಯಲ್ಲಿ ಕೆಟ್ಟ ವಸ್ತು ಒಂದೂ ಉಳಿದಿರಲಿಲ್ಲ.

ಮೊನ್ನೆ ಅವಳ ಶಾಲೆಗೆ ಒಂದಿಷ್ಟು ಕಂಪ್ಯೂಟರುಗಳು ಬೇಕಾದವು. ಒದಗಿಸಿದವರು ನಮ್ಮ ಅನ್ವರ್ ಭಾಯ್. ಈಗ ಗಡ್ಡ ಬೆಳ್ಳಗಾಗಿದೆ, ವ್ಯಾಪಾರ ಕಂಪ್ಯೂಟರಿಗೆ ಹೊರಳಿದೆ, ಬೆನ್ನು ತಟ್ಟುವ ಅಭ್ಯಾಸ ಹಾಗೆಯೇ ಇದೆ. ವೈರಿಂಗ್ ಕೆಲಸಕ್ಕೆ ನನ್ನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೋದರು. ಕಂಪ್ಯೂಟರಿನ ಕೋಣೆಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಕಪ್ಪು ಹಲಗೆ. ಮೇಲೆ 'ಈ ವಾರದ ಆಟ' ಎಂದು ಬರೆದಿತ್ತು. ಶನಿವಾರ ಪಾಠ ಮುಗಿದ ಮೇಲೆ ಮಕ್ಕಳಿಗೆ ಹಳೆಯ ಕಂಪ್ಯೂಟರಿನಲ್ಲಿ ಆಡಲು ಬಿಟ್ಟು, ಆಟ ಹೇಗಿತ್ತೆಂದು ಅವರಿಂದಲೇ ಬರೆಸುತ್ತಾಳಂತೆ. ಒಂದೊಂದು ಅಭಿಪ್ರಾಯದ ಕೆಳಗೂ ಒಂದೊಂದು ಹೆಸರು. ಯಾಕೆ ಹೆಸರೆಂದು ಎದುರಿಗಿದ್ದ ಹುಡುಗಿಯನ್ನು ಕೇಳಿದೆ. "ಹೇಳ್ದೋರ್ ಹೆಸ್ರು ಕೆಳ್ಗಡೆ ಇರ್ಲೇಬೇಕು ಸಾ. ಇಲ್ಲಾಂದ್ರೆ ಮೇಡಂ ಅಳ್ಸಾಕ್ಬುಡ್ತಾರೆ" ಎಂದಳು.

ಆ ಹೊತ್ತಿಗೆ ಸವಿತಾ ಬಂದಳು. ಹೆಡ್ಮಾಸ್ಟರೂ ಜೊತೆಗಿದ್ದರು. ಅನ್ವರ್ ಭಾಯ್ ಅವಳನ್ನು ಕಂಡವರೇ ಮಕ್ಕಳ ಕಡೆ ತಿರುಗಿ, ತಮಾಷೆಗೆ, ಮನಸ್ಸಿನಲ್ಲಿ ಒಂದಿಷ್ಟೂ ಕಹಿಯಿಲ್ಲದೆ ಹೇಳಿದರು. "ನೋಡ್ರಪ್ಪ, ನಿಮ್ ಮೇಡಂ ಮಾತ್ ಕೇಳಿ ಆಟ ಗೀಟ ತಗಂಡೀರ, ಉಷಾರು. ಒಂದ್ಸಲ ಕ್ರಿಕೆಟ್ ಕ್ಯಾಸೆಟ್ಟು ಓಡ್ತದೆ ಅಂದ್ಬುಟ್ಟು ನಂಗೆ ಎಲ್ಲಾ ಊರಲ್ಲೂ ಔಟ್ ಮಾಡುಸ್ಬುಟ್ರು. ಅದುಕ್ ಮುಂಚೆ ಇವ್ರಣ್ಣ ಒಂದಿನಾನೂ ತಪ್ಪಿರ್ಲಿಲ್ಲ."

ಮಕ್ಕಳು ನಕ್ಕರು. ಹೆಡ್ಮಾಸ್ಟರೂ ನಕ್ಕರು. ಸವಿತಾ ಕೂಡ ನಕ್ಕು, "ಕುಂತ್ಕಳಿ ಭಾಯ್, ಟೀ ತರುಸ್ತೀನಿ" ಎಂದಳು. ಅಂದಿನದೇ ಟೀ, ಅಂದಿನದೇ ದನಿ. ಇಷ್ಟು ವರ್ಷವೂ ಆ ದಾಂಡಿಗ ಅದೇ ಜಾಗದಲ್ಲಿ ನಿಂತು ಸಿಕ್ಸರು ಹೊಡೆಯುತ್ತಲೇ ಇದ್ದ. ಅವನಿಗೆ ನನ್ನ ಮುಖವಿತ್ತು.

ನನ್ನ ಕೈಯಲ್ಲಿದ್ದ ವೈರಿನ ಸುರುಳಿಯನ್ನು ಮೇಜಿನ ಮೇಲಿಟ್ಟೆ. "ಭಾಯ್, ಆ ಕ್ಯಾಸೆಟ್ಟು ಓಡ್ತದೆ ಅಂದೋನು ನಾನು. ಇವ್ಳು ಅದ್ನ ನೋಡೇ ಇರ್ಲಿಲ್ಲ, ಆಸ್ಟೆಲ್ನಲ್ಲಿದ್ಲು. ಅದುಕ್ ಮುಂಚೆ ನಾನ್ ಹೇಳಿದ್ದು ಏನೇನ್ ಓಡ್ತೋ, ಅದೆಲ್ಲಾ ಇವ್ಳು ಹೇಳಿದ್ದು. ನಂದು ಅನ್ನಾದು ಆ ಕ್ರಿಕೆಟ್ಟು, ಆಮೇಲೆ ಕುಂಟಿದ್ವಲ್ಲ ಅವು, ಅಷ್ಟೇ."

ಅನ್ವರ್ ಭಾಯ್ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಬೆನ್ನು ತಟ್ಟುವ ಕೈ ಎತ್ತಿದವರು ಹಾಗೆಯೇ ಇಳಿಸಿ ಗಡ್ಡ ನೀವಿಕೊಂಡರು. ಹಲಗೆಯ ಪಕ್ಕದ ಆ ಹುಡುಗಿ ಮಾತ್ರ ತನ್ನ ಗೆಳತಿಗೆ, "ಅಂಗಾರೆ ನಮ್ ಮೇಡಂ ನಾಟೌಟ್ ಕಣೇ" ಎಂದದ್ದು ಎಲ್ಲರಿಗೂ ಕೇಳಿಸಿತು.

ಸವಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಹಿಂದೆ ರಿಬ್ಬನ್ನಿನ ತುದಿಯನ್ನು ಹಾಗೆಯೇ ಸುತ್ತುತ್ತಿದ್ದಳು. "ಬುಡಣ್ಣ" ಎಂದಳು ಮೆಲ್ಲಗೆ, "ಮಕ್ಳ ಮುಂದೆ ಏನದು. ಹಳೇದೆಲ್ಲ. ಆ ಆಟಾನೇ ಸರಿಯಿರ್ಲಿಲ್ಲ."

ಅವಳು ಅಷ್ಟು ದೊಡ್ಡ ಬಾಗಿಲನ್ನು ತೆರೆದುಕೊಟ್ಟಾಗ ನುಸುಳಿ ಹೋಗುವುದು ನನಗೆ ಬಹಳ ಸುಲಭವಿತ್ತು, ಮತ್ತು ನುಸುಳುವುದರಲ್ಲಿ ನಾನು ಪಳಗಿದವನು. ಹಲಗೆಯ ಅಂಚಿನಲ್ಲಿ ಒಂದು ತುಂಡು ಸೀಮೆಸುಣ್ಣವಿತ್ತು. ಅದನ್ನು ತೆಗೆದುಕೊಂಡೆ, ಆದರೆ ಏನೂ ಬರೆಯಲಿಲ್ಲ. ಬರೆದು ತಪ್ಪಿಸಿಕೊಂಡದ್ದು ಸಾಕಾಗಿತ್ತು. ಅವಳ ಅಂಗೈಯಲ್ಲಿ ಅದನ್ನಿಟ್ಟು, ಮಕ್ಕಳಿಗೂ ಹೆಡ್ಮಾಸ್ಟರಿಗೂ ಅನ್ವರ್ ಭಾಯ್‌ಗೂ ಕೇಳುವಂತೆ ಹೇಳಿದೆ:

"ಆಟದ್ದಲ್ಲ ಸವಿತಾ, ನಂದೇ ತಪ್ಪು. ನನ್ ಹೆಸ್ರು ಉಳಿಸ್ಕಳಕೆ ನಿನ್ ಹೆಸ್ರು ಕೆಡಿಸ್ದೆ. ತಪ್ಪಾಯ್ತು ಕಣವ್ವ."